ಹಾಸಿಗೆ ಇತ್ತ್

ನನ್ನ ಹೋಟೆಲಿನ ವ್ಯಾಪಾರ ಕೆಡಿಸಿದ್ದು ಪಕ್ಕದ ಹೋಟೆಲಲ್ಲ, ಒಂದು ಪದ. ‘ಇತ್ತ್’. ನಮ್ಮ ಕುಂದಾಪ್ರ ಕನ್ನಡದಲ್ಲಿ ‘ಇತ್ತ್’ ಎಂದರೆ ಇದೆ, ‘ಇದ್ರ್’ ಎಂದರೆ ಇದ್ದಾರೆ ಎಂದರ್ಥ. ಇದ್ದು ಮುಗಿದು ಹೋದದ್ದಕ್ಕೆ ನಾವು ‘ಇದ್ದಿತ್’ ಎನ್ನುತ್ತೇವೆ. ನಮಗೆ ಇದರಲ್ಲಿ ಯಾವ ಗೊಂದಲವೂ ಇಲ್ಲ. ಗೊಂದಲವೆಲ್ಲ ಘಟ್ಟ ಇಳಿದು ಬರುವವರಿಗೆ. ಅವರ ಕಿವಿಗೆ ‘ಇತ್ತು’ ಎಂದರೆ ಆಗಿ ಹೋದ ಕಥೆ.

ಒಮ್ಮೆ ಬೆಂಗಳೂರಿನ ಕಾರೊಂದು ಬಂದು ನಿಂತಿತು. ಇಳಿದವರು ನಮ್ಮ ಸಪ್ಲೈಯರನ್ನು ‘ಬನ್ಸ್ ಇದೆಯಾ?’ ಎಂದು ಕೇಳಿದರು. ಅವನು ‘ಇತ್ತ್’ ಎಂದ. ‘ಛೇ, ಖಾಲಿಯಾಯ್ತಂತೆ’ ಎಂದು ಮಾತಾಡಿಕೊಳ್ಳುತ್ತ ಅವರು ಕಾರು ಹತ್ತಿ ಹೋಗಿಯೇಬಿಟ್ಟರು. ಬುಟ್ಟಿ ತುಂಬ ಬಿಸಿ ಬನ್ಸು ಹಾಗೇ ಉಳಿಯಿತು. ನಾನು ರೇಗಿ, ‘ಇದೆ ಅಂತ ಹೇಳೂಕ್ ಎಂತ ಆಯ್ತಾ ನಿಂಗೆ?’ ಎಂದೆ. ಅವನು ಕಣ್ಣು ಪಿಳಿಪಿಳಿ ಮಾಡಿ, ‘ನಾನ್ ಅದನ್ನೇ ಅಲ್ದಾ ಹೇಳದ್!’ ಎಂದ. ಅವನದೇನೂ ತಪ್ಪಿರಲಿಲ್ಲ. ಗಲ್ಲೆಯಲ್ಲಿ ಕುಳಿತು ಈ ಕಥೆಯನ್ನು ಬಂದವರಿಗೆಲ್ಲ ಹೇಳಿ ನಾನು ಬಹಳ ಕಾಲ ನಗಿಸಿದ್ದೇನೆ.

ಅದೇ ಪದ ಒಂದು ದಿನ ರಸ್ತೆ ದಾಟಿ ಎದುರಿನ ಆಸ್ಪತ್ರೆಗೆ ಹೋಯಿತು. ಅಲ್ಲಿ ನನ್ನ ಅಕ್ಕನ ಬಲಗಾಲಿನ ಮೇಲೆ ಕುಳಿತುಕೊಂಡಿತು. ಆಮೇಲಿಂದ ನಾನು ಬನ್ಸಿನ ಕಥೆ ಹೇಳುವುದನ್ನು ಬಿಟ್ಟಿದ್ದೇನೆ.

ನಾನು ಮುಂಬೈಯಲ್ಲಿ ಹೋಟೆಲು ಮಾಡಿ, ಸಾಕಾಗಿ, ಊರಿಗೆ ಬಂದು ಮತ್ತೆ ಹೋಟೆಲನ್ನೇ ಮಾಡಿದವನು. ನಮ್ಮವರಿಗೆ ಬೇರೆ ಬುದ್ಧಿ ಹೊಳೆಯುವುದಿಲ್ಲ. ಸಮುದಾಯ ಆಸ್ಪತ್ರೆಯ ಗೇಟಿನ ಎದುರಿಗೇ ಜಾಗ ಸಿಕ್ಕಿತು. ಊರಿನ ಹೆಸರು ಹೇಳುವುದಿಲ್ಲ. ಕುಂದಾಪುರ, ಬೈಂದೂರು, ಬ್ರಹ್ಮಾವರ ಈ ಮೂರು ತಾಲೂಕುಗಳಲ್ಲಿ ಎಲ್ಲೋ ಒಂದು ಕಡೆ ಎಂದು ಇಟ್ಟುಕೊಳ್ಳಿ. ಹೆಸರು ಹೇಳಿದರೆ ಅಲ್ಲಿ ಉಳಿದಿರುವ ಒಬ್ಬ ನರ್ಸನ್ನೂ ವಿಚಾರಣೆಗೆಂದು ಕರೆಯುತ್ತಾರೆ, ಅವತ್ತು ಆಸ್ಪತ್ರೆಗೆ ಪೂರ್ತಿ ಬೀಗ. ಆ ಪಾಪ ನನಗೆ ಬೇಡ.

ನಾನು ಹೋಟೆಲು ತೆರೆದಾಗ ಆಸ್ಪತ್ರೆ ತುಂಬಿ ತುಳುಕುತ್ತಿತ್ತು. ಗಂಡಸರ ವಾರ್ಡು, ಹೆಂಗಸರ ವಾರ್ಡು, ಹೆರಿಗೆ ಕೋಣೆ, ಎಲ್ಲ ಕಡೆ ಜನ. ಬಲೆ ಎಳೆಯುವಾಗ ಕೈ ಉಳುಕಿಸಿಕೊಂಡ ಬೀಜಾಡಿಯವರು, ದೋಣಿ ಕೆಲಸದಲ್ಲಿ ಉಳಿ ತಾಗಿಸಿಕೊಂಡ ಹಂಗಾರಕಟ್ಟೆಯವರು, ವರ್ಷಕ್ಕೊಂದು ಸಲ ಮಲೇರಿಯಾ ತರಿಸಿಕೊಳ್ಳುವವರು. ರೋಗಿಗೆ ಗಂಜಿ, ನೋಡಲು ಬಂದವರಿಗೆ ಗೋಳಿಬಜೆ, ಸಿಸ್ಟರುಗಳಿಗೆ ಖಡಕ್ ಚಾ. ಆ ಸಿಸ್ಟರುಗಳಾದರೋ ಊರಿನ ಸುತ್ತಮುತ್ತಲಿನವರೇ. ರೋಗಿ ‘ಅಬ್ಬೇ’ ಎಂದರೆ ಎಲ್ಲಿ ನೋವು ಎಂಬುದು ಅವರಿಗೆ ಅರ್ಧ ತಿಳಿಯುತ್ತಿತ್ತು.

ಆಮೇಲೆ ಅವರು ಒಬ್ಬೊಬ್ಬರಾಗಿ ಹೋಗತೊಡಗಿದರು. ಒಬ್ಬರಿಗೆ ವರ್ಗ. ಒಬ್ಬರಿಗೆ ನಿವೃತ್ತಿ. ಒಬ್ಬರಿಗೆ ನಿಯೋಜನೆ. ನಿಯೋಜನೆ ಎಂದರೆ ಸಂಬಳದ ಪಟ್ಟಿ ಇಲ್ಲಿ, ಮನುಷ್ಯ ಬೇರೆಲ್ಲೋ. ಗುತ್ತಿಗೆಯಲ್ಲಿದ್ದ ಇಬ್ಬರು ಹುಡುಗಿಯರು ಪಾಸ್‌ಪೋರ್ಟು ಮಾಡಿಸಿಕೊಂಡು ಗಲ್ಫಿಗೆ ಹಾರಿದರು. ನಾನೇ ಮುಂಬೈಗೆ ಓಡಿದವನು, ಅವರನ್ನು ಬೈಯುವ ಬಾಯಿ ನನಗಿಲ್ಲ. ಆದರೆ ಹೋಟೆಲಿನವನ ಕಣ್ಣಿಗೆ ಒಂದು ಸಂಗತಿ ತಪ್ಪಲಿಲ್ಲ. ಪ್ರತಿ ಬೀಳ್ಕೊಡುಗೆಗೂ ಗೋಳಿಬಜೆ, ಚಾ ನಮ್ಮಲ್ಲಿಂದಲೇ ಹೋಗುತ್ತಿತ್ತು. ಸ್ವಾಗತ ಸಮಾರಂಭಕ್ಕೆಂದು ಒಂದು ಆರ್ಡರೂ ಬರಲಿಲ್ಲ. ಬೀಳ್ಕೊಡುವುದರಲ್ಲಿ ನಮ್ಮ ಆಸ್ಪತ್ರೆ ಅಷ್ಟು ಪಳಗಿತು. ಕೊನೆಕೊನೆಗೆ ಶಾಲು ಹೊದಿಸಲು ಕೂಡ ಹೋಗುವವರೇ ಒಬ್ಬರಿಗೊಬ್ಬರು ಸಹಾಯ ಮಾಡಿಕೊಳ್ಳಬೇಕಾಯಿತು.

ಇದೇ ಹೊತ್ತಿಗೆ ಸರಕಾರಕ್ಕೆ ನರ್ಸುಗಳ ಮೇಲೆ ಗೌರವ ಹೆಚ್ಚಿ, ಅವರಿಗೆ ‘ಶುಶ್ರೂಷಾಧಿಕಾರಿ’ ಎಂದು ಹೆಸರಿಟ್ಟಿತು. ಬೋರ್ಡು ಬರೆಯಲು ಬಂದ ಪೇಂಟರು ಆ ಪದದಲ್ಲಿ ಎಡವಿ, ಒರೆಸಿ, ಮತ್ತೆ ಬರೆದು, ನಮ್ಮಲ್ಲಿ ಚಾ ಕುಡಿಯುತ್ತ, ‘ಹ್ವಾಯ್, ಇಷ್ಟ್ ಉದ್ದ ಹೆಸ್ರಿಗೆ ಜನ ಎಷ್ಟ್ ಇದ್ರ್?’ ಎಂದು ಕೇಳಿದ. ‘ಹೆಸರೇ ಇಬ್ಬರ ಜಾಗ ಹಿಡಿದಿದೆಯಲ್ಲ, ಜನ ಎಂತಕ್ಕೆ?’ ಎಂದೆ.

ಕೊನೆಗೆ ಹಾಸಿಗೆ ಮುಚ್ಚುವ ಆದೇಶ ಬಂತು. ಹಾಸಿಗೆಯನ್ನು ಮಡಚಬಹುದು, ಸುತ್ತಬಹುದು, ಬಿಸಿಲಿಗೆ ಹಾಕಬಹುದು. ಮುಚ್ಚುವುದು ಹೇಗೆಂದು ನನಗೆ ಗೊತ್ತಿರಲಿಲ್ಲ. ನೋಡಲೆಂದೇ ಹೋದೆ. ಗಂಡಸರ ವಾರ್ಡಿನಲ್ಲಿ ಒಂದೊಂದೇ ಹಾಸಿಗೆಯನ್ನು ಸುತ್ತಿ, ಹಗ್ಗ ಕಟ್ಟಿ, ಮಂಚದ ತಲೆಯ ಕಡೆ ನಿಲ್ಲಿಸಿದ್ದರು. ಬಾಗಿಲಿಗೆ ‘ಸಿಬ್ಬಂದಿ ಕೊರತೆಯಿಂದ ತಾತ್ಕಾಲಿಕವಾಗಿ ಮುಚ್ಚಲಾಗಿದೆ’ ಎಂದು ಚೀಟಿ. ನನಗೆ ಪಕ್ಕನೆ ಅರ್ಥವಾಯಿತು. ಹೋಟೆಲಿನಲ್ಲಿ ಸಪ್ಲೈಯರು ಕೈಕೊಟ್ಟಾಗ ನಾವೂ ಒಳಗಿನ ಫ್ಯಾಮಿಲಿ ರೂಮಿನ ಕುರ್ಚಿಗಳನ್ನು ಮೇಜಿನ ಮೇಲೆ ಕವುಚಿ ಹಾಕುತ್ತೇವೆ. ಆದರೆ ನಮ್ಮಲ್ಲಿಗೆ ಬಂದವನು ಹಸಿದಿದ್ದರೆ ಪಕ್ಕದ ಹೋಟೆಲಿಗೆ ನಡೆದು ಹೋಗುತ್ತಾನೆ. ಅಲ್ಲಿಗೆ ಬಂದವನಿಗೆ ನಡೆಯಲು ಆಗುತ್ತಿದ್ದರೆ ಅವನು ಅಲ್ಲಿಗೆ ಬರುತ್ತಲೇ ಇರಲಿಲ್ಲ.

ಚೀಟಿ ಅಂಟಿಸಿದ ಕೆಲವು ದಿನಕ್ಕೇ ಒಂದು ಸೇವಾ ಸಂಘದವರು ಆಸ್ಪತ್ರೆಗೆ ಹೊಸ ಮಂಚಗಳನ್ನು ದಾನ ಮಾಡಿದರು. ಹಿಡಿ ತಿರುಗಿಸಿದರೆ ತಲೆಯ ಕಡೆ ಏಳುವ ಮಂಚ. ಪ್ರತಿ ಮಂಚಕ್ಕೂ ದಾನಿಯ ಹೆಸರು, ಅವರ ತಂದೆಯ ಹೆಸರು, ತಂದೆಯ ನೆನಪಿಗೆ ಎಂದು ಕೆಂಪು ಅಕ್ಷರ. ಟೇಪು ಕತ್ತರಿಸಿ, ಮಂಚದ ಮೇಲೆ ಒಬ್ಬ ಗಣ್ಯರನ್ನು ಮಲಗಿಸಿ, ಹಿಡಿ ತಿರುಗಿಸಿ, ಅವರ ತಲೆ ಎದ್ದಾಗ ಎಲ್ಲರೂ ಕೈ ತಟ್ಟಿದರು. ಆ ಮಂಚಗಳು ಮೊದಲ ಮತ್ತು ಕೊನೆಯ ಬಾರಿಗೆ ಎದ್ದದ್ದು ಅವತ್ತೇ. ಹಲ್ಲಿದ್ದಾಗ ಕಡಲೆಯಿಲ್ಲ, ಕಡಲೆಯಿದ್ದಾಗ ಹಲ್ಲಿಲ್ಲ ಎನ್ನುತ್ತಾರಲ್ಲ, ನಮ್ಮಲ್ಲಿ ಕಡಲೆಯನ್ನು ಕೆಂಪು ಅಕ್ಷರದಲ್ಲಿ ಹೆಸರು ಬರೆಸಿ ಕೊಡುತ್ತಾರೆ.

ಹೆಂಗಸರ ವಾರ್ಡಿನ ಒಂದು ಸಾಲನ್ನೂ ಹೆರಿಗೆ ಕೋಣೆಯನ್ನೂ ಮಾತ್ರ ತೆರೆದಿಟ್ಟಿದ್ದರು. ಇರುವ ಒಬ್ಬಳು ನರ್ಸು ಎಷ್ಟು ನೋಡಿಕೊಳ್ಳಬಲ್ಲಳೋ ಅಷ್ಟು. ಆ ನರ್ಸು ಬಾಗಲಕೋಟೆ ಕಡೆಯ ಹುಡುಗಿ. ಹೊಸದಾಗಿ ಬಂದವಳು. ಮೊದಲ ದಿನ ಹೋಟೆಲಿಗೆ ಬಂದು, ‘ಅಣ್ಣಾರ, ಜೋಳದ ರೊಟ್ಟಿ ಸಿಗ್ತೈತೇನ್ರಿ?’ ಎಂದು ಕೇಳಿದಳು. ಸಿಗುವುದಿಲ್ಲ ಎಂದಾಗ ಸಪ್ಪೆ ಮೋರೆ ಮಾಡಿ ಇಡ್ಲಿ ತಿಂದು ಹೋದಳು. ಮರುದಿನದಿಂದ ಅವಳು ಕುಳಿತು ತಿಂದದ್ದನ್ನು ನಾನು ನೋಡಲಿಲ್ಲ. ಪೊಟ್ಟಣ ಕಟ್ಟಿಸಿಕೊಂಡು ಓಡುತ್ತಿದ್ದಳು. ಡಾಕ್ಟರೂ ಒಬ್ಬರೇ, ಅವರನ್ನು ಎರಡು ಆಸ್ಪತ್ರೆಗೆ ಹಂಚಿದ್ದರು. ಅವರು ಇಲ್ಲಿ ಇಲ್ಲದ ದಿನ ಫೋನಿನಲ್ಲಿ ಇರುತ್ತಿದ್ದರು, ಫೋನು ಹೆಚ್ಚಿನಂಶ ಇನ್ನೊಬ್ಬರ ಜೊತೆ ಇರುತ್ತಿತ್ತು.

ಇಷ್ಟರಲ್ಲಿ ಅಕ್ಕನ ಕಾಲಿನ ಪ್ರಕರಣ ಆಯಿತು.

ಅಕ್ಕ ನಮ್ಮ ಮನೆಯಲ್ಲೇ ಇರುವವಳು. ಭಾವ ತೀರಿಕೊಂಡ ಮೇಲೆ ತನ್ನ ಹೊಲಿಗೆ ಮೆಷಿನನ್ನು ರಿಕ್ಷಾದಲ್ಲಿ ಹಾಕಿಕೊಂಡು ಬಂದು, ಪಡಸಾಲೆಯಲ್ಲಿ ಇಟ್ಟು, ‘ನಾನ್ ಯಾರ್ ಮನಿ ಅನ್ನಕ್ಕೂ ಕೂಕಂತಿಲ್ಲೆ’ ಎಂದು ಸಾರಿದವಳು. ಊರಿನ ರವಿಕೆಗಳಲ್ಲಿ ಮುಕ್ಕಾಲು ಪಾಲು ಅವಳ ಕಾಲಿನಿಂದ ಹೊರಟವು. ಕಾಲಿನಿಂದ ಎಂದೇ ಹೇಳಬೇಕು, ಏಕೆಂದರೆ ಅವಳದು ತುಳಿಯುವ ಮೆಷಿನು. ಮೋಟಾರು ಹಾಕಿಸುತ್ತೇನೆ ಎಂದು ನಾನು ಎಷ್ಟೋ ಸಲ ಹೇಳಿದ್ದೆ. ‘ಮೋಟ್ರಿಗೆ ಏನ್ ಗೊತ್ತಾತ್ ರವ್ಕಿ ತೋಳ್? ಕಾಲಿಗ್ ಗೊತ್ತಿತ್ತ್’ ಎನ್ನುತ್ತಿದ್ದಳು. ಬಲಗಾಲಿನಲ್ಲಿ ಅವಳು ತುಳಿಯುವ ತಾಳ ಕೇಳಿಯೇ ನಾವು, ಇವತ್ತು ಯಾರದೋ ಮದುವೆ ಅವಸರ ಇದೆ ಎಂದು ತಿಳಿದುಕೊಳ್ಳುತ್ತಿದ್ದೆವು.

ಅವಳಿಗೆ ಸಕ್ಕರೆ ಕಾಯಿಲೆ. ಹಿತ್ತಿಲಲ್ಲಿ ಎಸೆದಿದ್ದ ಮರುವಾಯಿ ಕಪ್ಪೆಚಿಪ್ಪಿನ ಚೂರಿನ ಮೇಲೆ ಬಲಗಾಲು ಇಟ್ಟಳು. ಸಣ್ಣ ಗಾಯ. ಅರಸಿನ ಮೆತ್ತಿಕೊಂಡು ಮೆಷಿನು ತುಳಿದಳು. ವಾರದೊಳಗೆ ಪಾದ ಹಲಸಿನ ಹಣ್ಣಿನಷ್ಟು ಊದಿತು, ಜ್ವರವೂ ಬಂತು. ಡಾಕ್ಟರು ಸಿಕ್ಕುವ ದಿನ ನೋಡಿ ಕರೆದುಕೊಂಡು ಹೋದೆ. ಅವರು ಒಳ್ಳೆಯವರು, ಸುತ್ತು ಬಳಸದೆ ಹೇಳಿದರು: ‘ಅಡ್ಮಿಟ್ ಆಗ್ಬೇಕು. ನರಕ್ಕೆ ಇಂಜೆಕ್ಷನ್ ಕೊಡ್ಬೇಕು, ದಿನಾ ಡ್ರೆಸ್ಸಿಂಗ್ ಆಗ್ಬೇಕು. ಪೂರ್ತಿ ವಾಸಿಯಾಗೋ ತನಕ ಬಿಡಬಾರದು. ಬಿಟ್ರೆ ಪಾದ ಹೋಗುತ್ತೆ.’ ಅಕ್ಕ ಡಾಕ್ಟರ ಮುಖ ನೋಡಲಿಲ್ಲ, ತನ್ನ ಪಾದ ನೋಡಿದಳು. ‘ಬಲದ್ದಲ್ದಾ?’ ಎಂದಳು. ಅವಳು ಹೆದರಿದ್ದನ್ನು ನಾನು ಮೊದಲ ಸಲ ನೋಡಿದ್ದು ಆಗ.

ಅದೃಷ್ಟಕ್ಕೆ ತೆರೆದ ಸಾಲಿನಲ್ಲಿ ಒಂದು ಹಾಸಿಗೆ ಅದೇ ಹೊತ್ತಿಗೆ ಖಾಲಿಯಾಯಿತು. ಸಿಗದಿದ್ದರೆ ಬೈಂದೂರು ಕಡೆಗೋ ಬ್ರಹ್ಮಾವರ ಕಡೆಗೋ ಬಸ್ಸಿನಲ್ಲಿ ಕಾಲು ಎತ್ತಿ ಹಿಡಿದುಕೊಂಡು ಹಾಸಿಗೆ ಹುಡುಕುತ್ತ ಹೋಗಬೇಕಿತ್ತು. ಹಾಗೆ ಹೋಗುವವರು ದಿನಾ ನಮ್ಮ ಹೋಟೆಲಿನ ಮುಂದೆ ಬಸ್ಸಿಗೆ ಕಾಯುತ್ತಾರೆ. ಕೆಲವರ ಕೈಯಲ್ಲಿ ಗ್ಲೂಕೋಸಿನ ಸೂಜಿ ಹಾಗೇ ಇರುತ್ತದೆ. ಕಂಡಕ್ಟರು ಅವರಿಗೆಂದೇ ಮುಂದಿನ ಸೀಟು ಬಿಡಿಸಿ ಇಡುತ್ತಾನೆ. ಒಂದು ಲೆಕ್ಕದಲ್ಲಿ ಈ ಮೂರು ತಾಲೂಕಿನಲ್ಲಿ ಯಾವಾಗಲೂ ತೆರೆದಿರುವ ವಾರ್ಡು ಆ ಬಸ್ಸೇ.

ಕೆಲವು ದಿನ ಅಕ್ಕನಿಗೆ ಚೆನ್ನಾಗಿ ನಡೆಯಿತು. ಊತ ಸ್ವಲ್ಪ ಇಳಿಯಿತು. ನರ್ಸು ಹುಡುಗಿ ಹೂವಿನಷ್ಟು ಹಗುರವಾಗಿ ಡ್ರೆಸ್ಸಿಂಗ್ ಮಾಡುತ್ತಾಳೆ ಎಂದು ಅಕ್ಕ ಹೊಗಳಿದಳು. ‘ಅದ್ರ ಕುಪ್ಸದ್ ತೋಳ್ ಸಮ ಇಲ್ಲೆ, ಗುಣ ಆದ್ಮೇಲೆ ಹೊಲ್ದ್ ಕೊಡ್ತೆ’ ಎಂದಳು. ನಾನು ನೆಮ್ಮದಿಯಾಗಿ ಉಪ್ಪುಂದದ ಒಂದು ಮದುವೆಯ ಅಡುಗೆಗೆ ಹೋದೆ. ಮೊದಲೇ ಒಪ್ಪಿಕೊಂಡದ್ದು. ನಾಲ್ಕಾರು ದಿನದ ಕೆಲಸ.

ನಾನು ಅತ್ತ ಹೋದ ಮೇಲೆ ನಡೆದದ್ದನ್ನು ಅಕ್ಕನ ಬಾಯಿಂದಲೂ ನರ್ಸಿನ ಬಾಯಿಂದಲೂ ಆಮೇಲೆ ಕೇಳಿದ್ದೇನೆ. ಇಬ್ಬರೂ ಒಂದೇ ರೀತಿ ಹೇಳಿದರು, ಸುಳ್ಳಿನ ಎಳೆಯೂ ಇಲ್ಲ. ಅದೇ ನನಗೆ ಹೆಚ್ಚು ಸಂಕಟ.

ಮೇಲಿನಿಂದ ಒಂದು ಸೂಚನೆ ಬಂದಿತ್ತು. ಸಿಬ್ಬಂದಿ ಕಡಿಮೆ ಇರುವುದರಿಂದ ತೊಂದರೆ ಇಲ್ಲದ ರೋಗಿಗಳನ್ನು ಸುಮ್ಮನೆ ಇಟ್ಟುಕೊಳ್ಳಬಾರದು, ದಿನಾ ವಿಚಾರಿಸಿ ಮನೆಗೆ ಕಳಿಸಬೇಕು. ನ್ಯಾಯವಾದ ಮಾತೇ. ನಮ್ಮಲ್ಲೂ ಒಂದು ಚಾ ಕುಡಿದು ಗಂಟೆಗಟ್ಟಲೆ ಪೇಪರು ಓದುವವರಿದ್ದಾರೆ. ಡಾಕ್ಟರು ಆ ದಿನ ಇನ್ನೊಂದು ಆಸ್ಪತ್ರೆಯಲ್ಲಿದ್ದರು. ಹೆರಿಗೆ ಕೋಣೆಯಲ್ಲಿ ಒಬ್ಬಳು ಕೂಗುತ್ತಿದ್ದಳು. ಅದರ ನಡುವೆ ನರ್ಸು ಬಂದು, ಕಟ್ಟು ಬಿಚ್ಚಿ ನೋಡಲೂ ಪುರುಸೊತ್ತಿಲ್ಲದೆ, ಬಾಯಿಮಾತಿನಲ್ಲೇ ಅಕ್ಕನನ್ನು ವಿಚಾರಿಸಿದಳು.

‘ಅಕ್ಕಾರ, ನೋವು ಐತೇನ್ರಿ?’

‘ಇತ್ತ್.’

‘ಜ್ವರ?’

‘ಜ್ವರವೂ ಇತ್ತ್.’

‘ಕೀವು ಬರ್ತಿತ್ತಲ್ರಿ, ಅದು?’

‘ಅದೂ ಇತ್ತ್ ಮಗಾ.’

ಸುಳ್ಳು ಹೇಳುವ ಬಾಯಲ್ಲ ಅಕ್ಕನದು. ಇದ್ದದ್ದನ್ನು ಇದ್ದ ಹಾಗೇ ಹೇಳಿದಳು. ನರ್ಸು ಕೇಳಿದ್ದನ್ನು ಕೇಳಿದ ಹಾಗೇ ಫೋನಿನಲ್ಲಿ ಡಾಕ್ಟರಿಗೆ ಒಪ್ಪಿಸಿದಳು. ‘ಸರ್, ಆ ಕಾಲಿನ ಅಜ್ಜಿ. ನೋವು ಇತ್ತಂತ್ರಿ. ಜ್ವರಾನೂ ಇತ್ತಂತ್ರಿ. ಎಲ್ಲಾ ಇತ್ತಂತ್ರಿ.’ ಡಾಕ್ಟರೂ ಘಟ್ಟದ ಮೇಲಿನವರು. ಇತ್ತು ಎಂದ ಮೇಲೆ ಈಗ ಇಲ್ಲ. ‘ಒಳ್ಳೇದಾಯ್ತು, ಮಾತ್ರೆ ಬರೆದು ಕೊಟ್ಟು ಕಳಿಸಿ’ ಎಂದರು. ನರ್ಸು ನಗುತ್ತಾ ಬಂದು, ‘ಮನಿಗೆ ಹೋಗ್ರಿ ಅಕ್ಕಾರ’ ಎಂದಳು. ಹಳೆಯ ಸಿಸ್ಟರುಗಳಲ್ಲಿ ಒಬ್ಬಳಾದರೂ ಉಳಿದಿದ್ದರೆ ಆ ಮಾತು ಅಲ್ಲೇ ನಗೆಯಾಗಿ ಮುಗಿಯುತ್ತಿತ್ತು.

ಅಕ್ಕ ಯಾಕೆ ಎದುರು ಮಾತಾಡಲಿಲ್ಲ ಎಂದು ನೀವು ಕೇಳಬಹುದು. ನಾನೂ ಕೇಳಿದೆ, ಸ್ವಲ್ಪ ಜೋರಾಗಿಯೇ. ಅವಳು ಹೇಳಿದ್ದು ಇಷ್ಟು: ‘ನಂಗಿಂತ ಜಾಸ್ತಿ ಕಷ್ಟದರ್ ಯಾರೋ ಬಂದಿರ್ಕ್ ಅಂದ್ಕಂಡೆ. ನಾನೇ ಹಾಸ್ಗಿ ಹಿಡ್ಕಂಡ್ ಕೂಕಂಬ್ದ್ ಸಮವಾ?’ ಮದುವೆ ಮನೆಯಲ್ಲಿ ಎರಡನೇ ಪಂಕ್ತಿಯವರು ಹಿಂದೆ ನಿಂತಿರುವಾಗ ಪಾಯಸ ಬಿಟ್ಟಾದರೂ ಏಳುವುದು ನಮ್ಮವರ ಪದ್ಧತಿ. ಆಸ್ಪತ್ರೆಯಲ್ಲೂ ಅವಳು ಹಾಗೇ ಎದ್ದು ಬಂದಳು. ನನ್ನ ಹೆಂಡತಿ, ಆಸ್ಪತ್ರೆಯವರೇ ಕಳಿಸಿದ್ದಾರೆಂದ ಮೇಲೆ ಗುಣವಾಗಿದೆ ಎಂದು ನಂಬಿದಳು. ಅಕ್ಕ ಮಾತ್ರೆ ನುಂಗಿ, ನೋವು ನುಂಗಿ, ಒಂದು ರವಿಕೆಯನ್ನೂ ಹೊಲಿದಳಂತೆ.

ನಾನು ಉಪ್ಪುಂದದಿಂದ ಬಂದು ಚಪ್ಪಲಿ ಬಿಡುವಾಗಲೇ ಮನೆಯೊಳಗೆ ವಾಸನೆ. ಬಟ್ಟೆ ಬಿಚ್ಚಿ ನೋಡಿದರೆ ಬೆರಳುಗಳು ಕಪ್ಪಗಾಗಿದ್ದವು. ‘ಅಕ್ಕಾ, ಎಂತಕ್ಕೆ ಬಂದೆ ನೀನ್ ಮನಿಗೆ?’ ಎಂದೆ. ‘ಅವ್ರೇ ಹೋಯ್ಕ್ ಅಂದ್ರ್’ ಎಂದಳು. ಅವಳನ್ನು ಎತ್ತಿಕೊಂಡು ರಿಕ್ಷಾದಲ್ಲಿ ಕೂರಿಸಿ ಆಸ್ಪತ್ರೆಗೆ ಹೋದೆ. ಸಿಟ್ಟು ನೆತ್ತಿಗೇರಿತ್ತು.

ಅಕ್ಕ ಮಲಗಿದ್ದ ಮಂಚದ ಮೇಲೆ ಬೇರೆ ಯಾರೂ ಇರಲಿಲ್ಲ. ಹಾಸಿಗೆ ಸುತ್ತಿ, ಹಗ್ಗ ಕಟ್ಟಿ ನಿಲ್ಲಿಸಿದ್ದರು. ಖಾಲಿಯಾದ ಹಾಸಿಗೆಯನ್ನು ಮುಚ್ಚಬೇಕು ಎಂಬುದು ಅದೇ ಸೂಚನೆಯ ಎರಡನೇ ಭಾಗವಂತೆ. ಅಕ್ಕ ಯಾರಿಗೋ ಎಂದು ಬಿಟ್ಟು ಕೊಟ್ಟ ಜಾಗ ಹಗ್ಗಕ್ಕೆ ಸಿಕ್ಕಿತ್ತು. ಅವಳು ಆ ಸುರುಳಿಯನ್ನು ನೋಡಿ, ‘ಇಲ್ಲಿ ಯಾರೂ ಬರ್ಲಿಲ್ಯಾ?’ ಎಂದು ಮೆಲ್ಲಗೆ ಕೇಳಿದಳು.

ನರ್ಸು ಹೆರಿಗೆ ಕೋಣೆಯಿಂದ ಓಡಿ ಬಂದಳು. ನಾನು ಬಾಯಿಗೆ ಬಂದದ್ದನ್ನೆಲ್ಲ ಹೇಳಿದೆ. ಜೀವ ಇರುವ ಕಾಲನ್ನು ಕೊಳೆಯಲು ಮನೆಗೆ ಕಳಿಸಿದಿರಿ ಎಂದೆ. ಅವಳು ಅಕ್ಕನ ಪಾದ ನೋಡಿ ಬಿಳಿಚಿಕೊಂಡಳು.

‘ಅಣ್ಣಾರ, ನಾ ಕೇಳಿದ್ನಲ್ರೀ! ಎಲ್ಲಾ ಇತ್ತು ಅಂದ್ರು ಅವ್ರು. ಇತ್ತು ಅಂದ್ರ ಹೋತು ಅಂತಲ್ರಿ?’

‘ಇತ್ತ್ ಅಂದ್ರೆ ಇತ್ತ್ ಅಲ್ದಾ ಹೆಣ್ಣೇ!’ ಎಂದಳು ಅಕ್ಕ. ‘ಈಗ ಇಪ್ಪುದಕ್ಕೆ ಇತ್ತ್ ಅನ್ದೆ ಎಂತ ಅಂಬ್ದ್?’

ನನಗೆ ಬನ್ಸಿನ ಬುಟ್ಟಿ ನೆನಪಾಯಿತು. ಹಾಸಿಗೆಯಿಲ್ಲದ ಆ ಮಂಚದ ಅಂಚಿನಲ್ಲಿ ಕುಳಿತೆ. ಅರ್ಥ ವಿವರಿಸಿದಾಗ ಆ ಹುಡುಗಿ ಬಾಯಿಗೆ ಕೈ ಅಡ್ಡ ಇಟ್ಟುಕೊಂಡಳು. ‘ಯಾರೂ ಹೇಳ್ಲಿಲ್ರಿ ನನಗ. ಹೇಳಾಕ ಇಲ್ಲಿ ಯಾರಿದ್ದಾರ್ರಿ?’ ಎಂದು ಅತ್ತಳು. ಅವಳಿಗೆ ಬೈಯಲು ಇಟ್ಟುಕೊಂಡಿದ್ದ ಮಾತು ನನ್ನಲ್ಲಿ ಇನ್ನೂ ಬೇಕಾದಷ್ಟಿತ್ತು, ಆದರೆ ಅದನ್ನು ಕೇಳಬೇಕಾದವರು ಆ ವಾರ್ಡಿನಲ್ಲಿ ಯಾರೂ ಇರಲಿಲ್ಲ. ಇದ್ದದ್ದು ಒಬ್ಬಳು ಹುಡುಗಿ, ಬೆಳಗ್ಗಿನ ಇಡ್ಲಿ ಪೊಟ್ಟಣ ಅವಳ ಮೇಜಿನ ಮೇಲೆ ಬಿಚ್ಚದೆ ಬಿದ್ದಿತ್ತು.

ಹಗ್ಗ ಬಿಚ್ಚಿ ಹಾಸಿಗೆ ಹಾಸಿಕೊಡು ಎಂದೆ. ಬಿಚ್ಚಲು ಡಾಕ್ಟರು ಹೇಳಬೇಕು, ಡಾಕ್ಟರ ಫೋನು ಇನ್ನೊಬ್ಬರ ಜೊತೆ ಇತ್ತು. ಕೊನೆಗೆ ಸಿಕ್ಕಿದರು. ವಿಷಯ ಕೇಳಿ, ‘ಈಗ ಅಲ್ಲಿ ಆಗೋದಿಲ್ಲ. ದೊಡ್ಡಾಸ್ಪತ್ರೆಗೆ ಹೋಗಿ, ತಡ ಮಾಡ್ಬೇಡಿ’ ಎಂದರು. ನರ್ಸು ಗ್ಲೂಕೋಸಿನ ಬಾಟಲಿ ಹಚ್ಚಿ, ಅದನ್ನು ಎತ್ತಿ ಹಿಡಿದುಕೊಂಡು ಗೇಟಿನವರೆಗೆ ಬಂದಳು. ಅದಕ್ಕಿಂತ ಮುಂದೆ ಬರುವಂತಿರಲಿಲ್ಲ. ಒಳಗೆ ಮಗು ಹುಟ್ಟುತ್ತಿತ್ತು.

ದೊಡ್ಡಾಸ್ಪತ್ರೆಯ ಶಸ್ತ್ರಚಿಕಿತ್ಸೆಯ ಡಾಕ್ಟರು ಹೇಳಿದ್ದು ನೀವೆಲ್ಲ ಕೇಳಿದ ಮಾತೇ. ನಾಲ್ಕು ದಿನ ಮೊದಲೇ ತಂದಿದ್ದರೆ. ಅವಳ ಬಲಗಾಲನ್ನು ಮೊಣಕಾಲ ಗಂಟಿನ ಮೇಲಿಂದ ತೆಗೆದರು. ಎಚ್ಚರವಾದಾಗ ಅಕ್ಕ ಹೊದಿಕೆಯ ಆ ತಗ್ಗು ಜಾಗವನ್ನು ಕೈಯಲ್ಲಿ ಒತ್ತಿ ನೋಡಿದಳು. ಅಳಲಿಲ್ಲ. ‘ತಮ್ಮಾ, ಬೆರಳ್ ತುರಿಸ್ತತ್ ಮಾರಾಯಾ. ಇಲ್ಲದ್ ಬೆರಳ್’ ಎಂದಳು. ನಾನು ಹೊರಗೆ ಬಂದು ಅತ್ತೆ. ಮನೆಯಲ್ಲಿ ಮೆಷಿನಿನ ಮೇಲೆ ಯಾರೋ ಕೊಟ್ಟಿದ್ದ ರವಿಕೆ ಒಂದು ತೋಳು ಹೊಲಿದು ಹಾಗೇ ಇತ್ತು.

ನಮ್ಮ ಜಿಲ್ಲೆಯಲ್ಲಿ ದಾನಕ್ಕೆ ಯಾವ ಕೊರತೆಯೂ ಇಲ್ಲ. ಅಕ್ಕನ ಸುದ್ದಿ ಹಬ್ಬಿದ್ದೇ ತಡ, ಮಂಚ ಕೊಟ್ಟ ಸೇವಾ ಸಂಘದವರೇ ಅವಳಿಗೆ ಗಾಲಿ ಕುರ್ಚಿ ಕೊಡುವುದೆಂದು ತೀರ್ಮಾನಿಸಿದರು. ಮನೆಗೆ ತಂದು ಕೊಟ್ಟರೆ ಫೋಟೋ ಚೆನ್ನಾಗಿ ಬರುವುದಿಲ್ಲ. ಸಮಾರಂಭ ಮಾಡಬೇಕು. ಊರಿನಲ್ಲಿ ಗಾಳಿ ಬೆಳಕು ಇರುವ, ಬಾಡಿಗೆ ಇಲ್ಲದ, ಯಾರೂ ಬಳಸದ ದೊಡ್ಡ ಹಾಲು ಯಾವುದು? ಗಂಡಸರ ವಾರ್ಡು. ಅಲ್ಲೇ ಇಟ್ಟುಕೊಂಡರು. ಗೋಳಿಬಜೆಯ ಆರ್ಡರು ನನಗೇ ಬಂತು. ಬೇಡ ಎನ್ನಲು ಬಾಯಿ ತೆರೆದೆ. ಅಕ್ಕ, ‘ಮಾಡ್ ತಮ್ಮಾ, ನಾನೂ ಬತ್ತೆ’ ಎಂದಳು. ಅವಳ ಮುಖದಲ್ಲಿ ಏನೋ ಇತ್ತು, ನನಗೆ ಆಗ ಅರ್ಥವಾಗಲಿಲ್ಲ.

ಬಾಗಿಲಿನ ‘ತಾತ್ಕಾಲಿಕ’ ಚೀಟಿಯ ಮೇಲೆ ‘ಸುಸ್ವಾಗತ’ದ ಬ್ಯಾನರು ಕಟ್ಟಿದರು. ಸುತ್ತಿಟ್ಟ ಹಾಸಿಗೆಗಳನ್ನೆಲ್ಲ ಮೂಲೆಗೆ ಪೇರಿಸಿದರು. ಕುರ್ಚಿ ಸಾಲದೆ ಬಂದಾಗ ಗಣ್ಯರು, ಸದಸ್ಯರು, ಅವರ ಮನೆಯವರು ಮಂಚಗಳ ಮೇಲೆ ಕುಳಿತರು. ಎಷ್ಟೋ ಕಾಲದ ಮೇಲೆ ವಾರ್ಡಿನ ಮಂಚಗಳೆಲ್ಲ ಭರ್ತಿಯಾದವು. ಒಬ್ಬರು ತಮ್ಮ ತಂದೆಯ ಹೆಸರಿನ ಮಂಚವನ್ನೇ ಹುಡುಕಿ ಕುಳಿತರು. ಪ್ರಾರ್ಥನೆ, ದೀಪ, ಹಾರ, ಶಾಲು ಎಲ್ಲ ಕ್ರಮಪ್ರಕಾರ ಆಯಿತು. ನರ್ಸು ಹುಡುಗಿಯನ್ನು ಹೂಗುಚ್ಛ ಹಿಡಿದುಕೊಳ್ಳಲು ಕರೆದಿದ್ದರು. ಅವಳು ಅತ್ತ ಹೆಂಗಸರ ವಾರ್ಡಿಗೊಂದು ಕಣ್ಣು, ಇತ್ತ ಹೂಗುಚ್ಛಕ್ಕೊಂದು ಕೈ ಕೊಟ್ಟು ಬಾಗಿಲಲ್ಲಿ ನಿಂತಿದ್ದಳು.

ಮುಖ್ಯ ಅತಿಥಿಗಳು ಬೆಂಗಳೂರಿನಿಂದ ಬಂದವರು. ಅಕ್ಕನನ್ನು ಹೊಸ ಕುರ್ಚಿಯಲ್ಲಿ ಕೂರಿಸಿ, ಫೋಟೋ ಆದ ಮೇಲೆ, ಮೈಕನ್ನು ಅವಳ ಮುಂದೆ ಹಿಡಿದರು. ‘ಹೇಳಿ ಅಮ್ಮ, ನಿಮ್ಮೂರ ಆಸ್ಪತ್ರೆಯಲ್ಲಿ ಸೌಲಭ್ಯ ಎಲ್ಲ ಇದೆಯಾ?’

ಅಕ್ಕ ಗಂಟಲು ಸರಿ ಮಾಡಿಕೊಂಡಳು.

‘ಇತ್ತ್’ ಎಂದಳು.

ಊರಿನವರು ಚಪ್ಪಾಳೆ ತಟ್ಟಿದರು. ಬಾಗಿಲಲ್ಲಿದ್ದ ನರ್ಸು ತಲೆ ತಗ್ಗಿಸಿದಳು.

‘ಹಾಸ್ಗಿ ಇತ್ತ್’ ಎಂದಳು ಅಕ್ಕ, ಮೂಲೆಯ ರಾಶಿಯ ಕಡೆ ನೋಡುತ್ತ. ಮತ್ತೆ ಚಪ್ಪಾಳೆ. ‘ಸಿಸ್ಟರ್ ಇದ್ರ್, ಡಾಕ್ಟ್ರ್ ಇದ್ರ್.’ ಚಪ್ಪಾಳೆ ತುಸು ತೆಳುವಾಯಿತು. ಅಕ್ಕ ಸೀರೆಯ ಅಂಚನ್ನು ಸ್ವಲ್ಪ ಮೇಲಕ್ಕೆ ಎತ್ತಿದಳು.

‘ನನ್ ಬಲಗಾಲೂ ಇತ್ತ್.’

ಯಾರೂ ಕೈ ತಟ್ಟಲಿಲ್ಲ. ಹುಟ್ಟಿದಂದಿನಿಂದ ಆ ಪದವನ್ನು ಆಡಿದವರೆಲ್ಲ ಅದನ್ನು ಮೊದಲ ಸಲ ಘಟ್ಟದ ಮೇಲಿನವರ ಹಾಗೆ ಕೇಳಿಸಿಕೊಂಡರು. ಮುಖ್ಯ ಅತಿಥಿಗಳಿಗೆ ಮಾತ್ರ ಮೊದಲಿನಿಂದಲೂ ಎಲ್ಲ ಅರ್ಥವಾಗಿತ್ತು. ಅವರು ಮೈಕನ್ನು ನಿರೂಪಕರ ಕೈಗೆ ಕೊಟ್ಟರು. ನಿರೂಪಕರು ವಂದನಾರ್ಪಣೆಗೆ ಹಾರಿದರು. ಗೋಳಿಬಜೆ ಅರ್ಧಕ್ಕರ್ಧ ಉಳಿಯಿತು. ಮಾರನೆಯ ದಿನದ ಪೇಪರಿನಲ್ಲಿ, ಆಸ್ಪತ್ರೆಯಲ್ಲಿ ಎಲ್ಲ ಸೌಲಭ್ಯವಿದೆ ಎಂದು ಫಲಾನುಭವಿ ಸಂತಸ ವ್ಯಕ್ತಪಡಿಸಿದರು ಎಂದು ಬಂತು. ವರದಿಗಾರ ನಮ್ಮೂರಿನವನೇ, ಬೇಗ ಹೊರಟುಹೋಗಿದ್ದ.

ರಸ್ತೆ ದಾಟಿಸಿ ಅವಳನ್ನು ಮನೆಗೆ ತಳ್ಳಿಕೊಂಡು ಬಂದೆ. ಪಡಸಾಲೆಯಲ್ಲಿ ಮೆಷಿನಿನ ಮುಂದೆ ಕುರ್ಚಿ ನಿಲ್ಲಿಸಿದೆ. ಅವಳು ಒಂದೇ ತೋಳಿನ ಆ ರವಿಕೆಯನ್ನು ಕೈಗೆತ್ತಿಕೊಂಡು, ಕೊಡವಿ, ಬೆಳಕಿಗೆ ಹಿಡಿದು ನೋಡಿದಳು. ಆಮೇಲೆ ಕೆಳಗಿನ ಕಬ್ಬಿಣದ ಪೆಡಲನ್ನು ನೋಡಿದಳು.

‘ತಮ್ಮಾ, ಮೆಷಿನಿಗೆ ಮೋಟ್ರ್ ಹಾಕ್ಸ್’ ಎಂದಳು. ‘ಆ ಬಾಗಲಕೋಟಿ ಹೆಣ್ಣಿಗೆ ಕುಪ್ಸ ಹೊಲೂಕ್ ಇತ್ತ್.’

ಮೋಟಾರನ್ನೂ ಕಾಲಿನಲ್ಲೇ ಒತ್ತಬೇಕು. ಅವಳಿಗೂ ಅದು ಗೊತ್ತಿತ್ತು.

‘ಎಡದ್ದ್ ಇತ್ತಲೇ’ ಎಂದಳು.